ಹೊರಡುವ ಮುನ್ನಿನ ಸಿದ್ಧತೆ

ರೈಲು ಬರುವ ಮೊದಲು ಕನ್ನಡ ನಾಡಿನ ಸಾಮಾನ್ಯ ಜನರಿಗೆ ದೂರದ ಪ್ರಯಾಣವೆಂದರೆ ಬಹುಮಟ್ಟಿಗೆ ಯಾತ್ರೆಯೇ. ಅದರ ಕಾಲವನ್ನು ಬೇಸಾಯ ಗೊತ್ತುಮಾಡುತ್ತಿತ್ತು. ಬಾದಾಮಿಯ ಬನಶಂಕರಿ, ಸವದತ್ತಿಯ ಯಲ್ಲಮ್ಮ, ಮೈಲಾರದ ಜಾತ್ರೆಗಳು, ಯುಗಾದಿಗೆ ಶ್ರೀಶೈಲಕ್ಕೆ ನಡೆದು ಹೋಗುವ ಉತ್ತರ ಕರ್ನಾಟಕದವರ ಪಾದಯಾತ್ರೆ ಎಲ್ಲವೂ ಪುಷ್ಯದಿಂದ ಚೈತ್ರದೊಳಗೆ ಬರುತ್ತವೆ. ಸುಗ್ಗಿ ಮುಗಿದೋ ಮುಗಿಯುತ್ತಲೋ ಇರುತ್ತದೆ, ಎತ್ತುಗಳಿಗೆ ಬಿಡುವು, ಹೊಳೆಗಳಲ್ಲಿ ನೀರು ಕಡಿಮೆ, ಬಂಡಿ ದಾರಿ ಒಣಗಿರುತ್ತದೆ. ರಜೆ ಎಂಬುದು ಇಲ್ಲದ ಕಾಲದಲ್ಲಿ ಬಿಡುವಿನ ಲೆಕ್ಕ ಹೀಗೆ ನಡೆಯುತ್ತಿತ್ತು.

ಕಾಶಿಯ ಮಾತು ಬೇರೆ. ಅಲ್ಲಿಗೆ ಹೋಗಿಬರಲು ತಿಂಗಳುಗಳೇ ಬೇಕು. ಮದರಾಸಿನ ಸುಪ್ರೀಂ ಕೋರ್ಟಿನಲ್ಲಿ ದುಭಾಷಿಯಾಗಿದ್ದ ಏನುಗುಲ ವೀರಾಸ್ವಾಮಯ್ಯ 1830ರ ಮೇ ತಿಂಗಳಲ್ಲಿ ಹೊರಟು ಊರಿಗೆ ಮರಳಿದ್ದು 1831ರ ಸೆಪ್ಟೆಂಬರಿನಲ್ಲಿ. ಸುಮಾರು ನೂರು ಜನರ ಪರಿವಾರ, ಮೇನೆ, ಬೋಯಿಗಳು ಜೊತೆಗಿದ್ದರೂ ಇಷ್ಟು ಕಾಲ ಹಿಡಿಯಿತು. ಯಾವ ಮಜಲಿನಲ್ಲಿ ಬಾವಿ ಇದೆ, ಎಲ್ಲಿ ಅಂಗಡಿ ಸಿಗುತ್ತದೆ, ದಾರಿ ಹೇಗಿದೆ ಎಂದು ಅವರು ತೆಲುಗಿನಲ್ಲಿ ಬರೆದಿಟ್ಟ ವಿವರಗಳನ್ನು ನೋಡಿದರೆ, ಅಷ್ಟು ಅನುಕೂಲವಿಲ್ಲದವರ ಪಾಡು ಊಹಿಸಬಹುದು. ಕಾಶಿಗೆ ಹೊರಟವರು ಮೊದಲು ಸಾಲ ತೀರಿಸುತ್ತಿದ್ದರು, ಜಮೀನಿನ ಉಸ್ತುವಾರಿಯನ್ನು ದಾಯಾದಿಗಳಿಗೆ ಒಪ್ಪಿಸುತ್ತಿದ್ದರು, ದೇವರ ದೀಪ ಹಚ್ಚುವವರನ್ನು ಗೊತ್ತುಮಾಡುತ್ತಿದ್ದರು. ಹಿಂದಿರುಗುವ ಖಾತರಿ ಇರಲಿಲ್ಲ. ಕಳ್ಳರ ಭಯಕ್ಕೆ ಗುಂಪು ಕಟ್ಟಿಕೊಂಡೇ ನಡೆಯಬೇಕಿತ್ತು. ಹಣವನ್ನು ಗಂಟಿನಲ್ಲಿ ಹೊರುವ ಬದಲು ಸಾಹುಕಾರರಿಂದ ಹುಂಡಿ ಬರೆಸಿಕೊಂಡು ದೂರದ ಪೇಟೆಯಲ್ಲಿ ನಗದು ಮಾಡಿಸಿಕೊಳ್ಳುವುದು ಬಲ್ಲವರ ದಾರಿ.

ಈ ಖರ್ಚಿನಲ್ಲಿ ಅರಸರೂ ಕೈ ಜೋಡಿಸಿದ್ದುಂಟು. ಕಾಶಿಯಲ್ಲಿ ಆಗ ವಸೂಲಾಗುತ್ತಿದ್ದ ತುರುಷ್ಕ ಸುಂಕವನ್ನು ಕರ್ನಾಟಕ ಮತ್ತಿತರ ಸೀಮೆಗಳ ಜನರ ಪರವಾಗಿ ಕಟ್ಟಲೆಂದು ಹೊಯ್ಸಳ ಮೂರನೆಯ ನರಸಿಂಹ 1279ರಲ್ಲಿ ಒಂದು ಗ್ರಾಮದ ವರ್ಷದ ಆದಾಯ 645 ನಿಷ್ಕಗಳನ್ನು ಬಿಟ್ಟುಕೊಟ್ಟದ್ದನ್ನು ಶಾಸನವೊಂದು ಹೇಳುತ್ತದೆ.

ಹೊರಡುವ ದಿನವನ್ನು ನಿರ್ಧರಿಸುತ್ತಿದ್ದುದು ಪಂಚಾಂಗ. ಸೋಮವಾರ, ಶನಿವಾರ ಪೂರ್ವಕ್ಕೆ ಶೂಲೆ, ಭಾನುವಾರ, ಶುಕ್ರವಾರ ಪಶ್ಚಿಮಕ್ಕೆ, ಮಂಗಳವಾರ, ಬುಧವಾರ ಉತ್ತರಕ್ಕೆ, ಗುರುವಾರ ದಕ್ಷಿಣಕ್ಕೆ. ಆಯಾ ವಾರ ಆಯಾ ದಿಕ್ಕಿಗೆ ಹೊರಡುವಂತಿಲ್ಲ. ಜೊತೆಗೆ ರಾಹುಕಾಲ, ಅಮಾವಾಸ್ಯೆ. ಇಷ್ಟೆಲ್ಲ ಕಳೆದರೆ ಉಳಿಯುವ ದಿನಗಳು ಕೆಲವೇ. ಆದ್ದರಿಂದ ಶಾಸ್ತ್ರವೇ ಒಂದು ಒಳದಾರಿಯನ್ನೂ ಇಟ್ಟಿತ್ತು. ಒಳ್ಳೆಯ ಮುಹೂರ್ತದಲ್ಲಿ ಬಟ್ಟೆಯ ಗಂಟನ್ನೋ ಚೀಲವನ್ನೋ ಒಯ್ದು ಬೇರೆಯವರ ಮನೆಯಲ್ಲಿ ಇಟ್ಟುಬಿಟ್ಟರೆ ಪ್ರಯಾಣ ಶುರುವಾದಂತೆಯೇ ಲೆಕ್ಕ. ಆಮೇಲೆ ಅನುಕೂಲವಾದಾಗ ಹೊರಡಬಹುದು. ಇದಕ್ಕೆ ಪ್ರಸ್ಥಾನ ಇಡುವುದು ಎಂದು ಹೆಸರು. ನಂಬಿಕೆಯ ಮಾತು ಹಾಗಿರಲಿ, ಹೊರಡುವ ಹೊತ್ತಿಗೆ ಗಂಟು ಕಟ್ಟುವ ಗಡಿಬಿಡಿಯನ್ನು ತಪ್ಪಿಸಲು ಇದಕ್ಕಿಂತ ಜಾಣ ಉಪಾಯ ಇರಲಾರದು.

ಸಿದ್ಧತೆಯ ಬಹುಪಾಲು ನಡೆಯುತ್ತಿದ್ದುದು ಅಡುಗೆಮನೆಯಲ್ಲಿ. ಉತ್ತರ ಕರ್ನಾಟಕದ ಬುತ್ತಿಯಲ್ಲಿ ಖಟಕ್ ರೊಟ್ಟಿ ಮುಖ್ಯ. ಜೋಳದ ರೊಟ್ಟಿಯನ್ನು ತೆಳ್ಳಗೆ ಬಡಿದು, ಬೆಂದ ಮೇಲೂ ಕೆಂಡದ ಕಾವಿನಲ್ಲಿ ಪಸೆ ಆರುವತನಕ ಬಿಟ್ಟರೆ ಅದು ಹಪ್ಪಳದ ಹಾಗೆ ಗರಿಗರಿಯಾಗಿ ವಾರಗಟ್ಟಲೆ ಉಳಿಯುತ್ತದೆ. ಶೇಂಗಾ, ಗುರೆಳ್ಳು, ಅಗಸಿಯ ಪುಡಿ ಚಟ್ನಿಗಳಿಗೂ ನೀರಿನ ಸೋಂಕಿಲ್ಲ. ಹಳೆ ಮೈಸೂರಿನ ಕಡೆ ಪುಳಿಯೋಗರೆ ಗೊಜ್ಜು: ಹುಣಸೆರಸವನ್ನು ಎಣ್ಣೆ ಮೇಲೆ ತೇಲುವವರೆಗೆ ಕುದಿಸಿ ಇಳಿಸಿದರೆ ತಂಗಿದಲ್ಲಿ ಅನ್ನ ಮಾಡಿ ಕಲಸಿಕೊಂಡರಾಯಿತು. ರಾಗಿ ಹುರಿಹಿಟ್ಟಿಗೆ ಒಲೆಯೂ ಬೇಡ. ಬೆಲ್ಲ ಹಾಕಿ ನೀರಿನಲ್ಲೋ ಮಜ್ಜಿಗೆಯಲ್ಲೋ ಕಲಸಿದರೆ ಊಟ ಮುಗಿಯಿತು. ಕೆಡದಂತೆ ಮಾಡುವುದಷ್ಟೇ ಇಲ್ಲಿನ ಉದ್ದೇಶವಲ್ಲ. ಕಂಡವರ ಕೈಯಡುಗೆ ಉಣ್ಣದ ಜಾತಿಯ ಕಟ್ಟುಪಾಡು, ಮಡಿ ಮೈಲಿಗೆಯ ಲೆಕ್ಕವೂ ಬುತ್ತಿಯನ್ನು ಭಾರವಾಗಿಸಿದ್ದವು. ರೈಲು ಬಂದ ಎಷ್ಟೋ ವರ್ಷಗಳ ನಂತರವೂ ನಿಲ್ದಾಣಗಳಲ್ಲಿ ಹಿಂದೂಗಳಿಗೊಂದು, ಮುಸ್ಲಿಮರಿಗೊಂದು ಎಂದು ಕುಡಿಯುವ ನೀರನ್ನು ಬೇರೆಬೇರೆಯಾಗಿ ಕೊಡುತ್ತಿದ್ದರು.

ತಂಗಲು ಛತ್ರಗಳಿದ್ದವು. ಅರಸರು, ದಿವಾನರು, ವರ್ತಕರು ಕಟ್ಟಿಸಿದ ಇವುಗಳಲ್ಲಿ ನೆಲ, ನೆರಳು, ನೀರು ಸಿಗುತ್ತಿತ್ತು. ಕೆಲವೆಡೆ ಅನ್ನವೂ ಉಂಟು. ಹಾಸಿಗೆ, ಪಾತ್ರೆಗಳನ್ನು ಯಾತ್ರಿಕರೇ ತರಬೇಕು. ಬೆಂಗಳೂರಿನ ರೈಲು ನಿಲ್ದಾಣದ ಎದುರಿಗೆ 1903ರಲ್ಲಿ ಶುರುವಾದ ಗುಬ್ಬಿ ತೋಟದಪ್ಪನವರ ಛತ್ರ ಈ ಪರಂಪರೆಯನ್ನು ಹೊಸ ಕಾಲಕ್ಕೆ ಹೊಂದಿಸಿತು. ಬಂಡಿ ದಾರಿಯ ಮಗ್ಗುಲಲ್ಲಿದ್ದ ಛತ್ರ ಈಗ ರೈಲು ಇಳಿದವರ ಕಣ್ಣಿಗೆ ಬೀಳುವಲ್ಲಿಗೆ ಬಂದಿತ್ತು.

ಬೆಂಗಳೂರಿಗೆ ಜೋಲಾರಪೇಟೆಯಿಂದ ರೈಲು ಬಂದದ್ದು 1864ರಲ್ಲಿ. 1870ರಲ್ಲಿ ಜಬಲ್ಪುರದ ಬಳಿ ಮುಂಬಯಿ ಮತ್ತು ಕಲ್ಕತ್ತೆಯ ಹಳಿಗಳು ಕೂಡಿದವು, 1871ರಲ್ಲಿ ರಾಯಚೂರಿನಲ್ಲಿ ಮುಂಬಯಿ ಮತ್ತು ಮದರಾಸಿನ ಹಳಿಗಳು. ಅಲ್ಲಿಗೆ ಕನ್ನಡ ನಾಡಿನಿಂದ ಗಂಗೆಯ ದಡದವರೆಗೆ ಹಳಿಯ ದಾರಿ ಆಯಿತು. 1887ರಲ್ಲಿ ಕಾಶಿಯ ಬಳಿ ಗಂಗೆಗೂ ಸೇತುವೆ ಬಂತು. ತಿಂಗಳುಗಳ ದಾರಿ ದಿನಗಳಿಗೆ ಇಳಿಯಿತು. ಕೊನೆಗಾಲದ ಯಾತ್ರೆಯಾಗಿದ್ದ ಕಾಶಿಗೆ ಮಕ್ಕಳನ್ನು ಕರೆದುಕೊಂಡು ಹೋಗಿಬರುವಂತಾಯಿತು. ಪಂಚಾಂಗದ ಪಕ್ಕದಲ್ಲಿ ರೈಲ್ವೆ ವೇಳಾಪಟ್ಟಿಗೂ ಜಾಗವಾಯಿತು. ರಾಹುಕಾಲದಲ್ಲಿ ರೈಲು ಹೊರಡುವುದಿದ್ದರೆ ಅದಕ್ಕೆ ಮೊದಲೇ ಮನೆ ಬಿಟ್ಟು ನಿಲ್ದಾಣದಲ್ಲಿ ಕಾಯುವ ಹೊಂದಾಣಿಕೆ ಇಂದಿಗೂ ಎಷ್ಟೋ ಮನೆಗಳಲ್ಲಿದೆ.

ಆದರೆ ಸಾಮಾನು ಇಳಿಯಲಿಲ್ಲ. ಮೂರನೇ ದರ್ಜೆಯಲ್ಲಿ ಇದ್ದದ್ದು ಬರಿಯ ಮರದ ಬೆಂಚು. ಹಾಗಾಗಿ ಇಪ್ಪತ್ತನೇ ಶತಮಾನದ ಬಹುಕಾಲ ಮಧ್ಯಮ ವರ್ಗದ ಪ್ರಯಾಣದ ಗುರುತು ಹೋಲ್ಡಾಲು. ದಪ್ಪ ಕ್ಯಾನ್ವಾಸಿನ ಉದ್ದನೆಯ ಹಾಸು, ಎರಡು ತುದಿಗೂ ಚೀಲದಂಥ ಮಡಿಕೆ, ಸುತ್ತಿ ಬಿಗಿಯಲು ಚರ್ಮದ ಪಟ್ಟಿ. ನಡುವೆ ಹಾಸಿಗೆ, ಜಮಖಾನ, ಹೊದಿಕೆ. ತುದಿಯ ಚೀಲಗಳಲ್ಲಿ ದಿಂಬು, ಟವೆಲು, ಚಪ್ಪಲಿ, ಕೊನೆಗಳಿಗೆಯಲ್ಲಿ ನೆನಪಾದದ್ದೆಲ್ಲ. ಪಟ್ಟಿ ಬಿಗಿಯುವಾಗ ಒಬ್ಬರು ಮೊಣಕಾಲೂರಿ ಕೂರಬೇಕು, ಇನ್ನೊಬ್ಬರು ಬಕಲು ಎಳೆಯಬೇಕು. ಅದರ ಜೊತೆಗೆ ತಗಡಿನ ಟ್ರಂಕು, ತಿರುಪಿನ ಮುಚ್ಚಳದ ಹಿತ್ತಾಳೆ ಕೂಜ, ಟಿಫನ್ ಕ್ಯಾರಿಯರ್. ಮಲಗುವ ಬರ್ತುಗಳು ಹೆಚ್ಚಿ, 1974ರಲ್ಲಿ ಮೂರನೇ ದರ್ಜೆಯೇ ರದ್ದಾಗಿ, ಬೆಂಚಿಗೆ ಮೆತ್ತೆ ಬಂದು, ಊರೂರಿಗೆ ಉಡುಪಿ ಹೋಟೆಲು ಹರಡಿದ ಮೇಲೆ ಈ ಸರಂಜಾಮು ಒಂದೊಂದಾಗಿ ಅಟ್ಟ ಸೇರಿತು.

ಯಾತ್ರೆಯಲ್ಲದ ಪ್ರವಾಸಕ್ಕೆ ಮೊದಲ ಮಾದರಿ ಸಾಹೇಬರದು. ಬೇಸಿಗೆಗೆ ನಂದಿಬೆಟ್ಟ, ಊಟಿಗೆ ಹೋಗುವ ರೂಢಿ ಅವರಿಂದ ಬಂತು; ಮೈಸೂರಿನ ಅರಮನೆಯೂ ಅದನ್ನು ಅನುಸರಿಸಿತು. ನೌಕರಿಯ ಕುಟುಂಬಗಳಿಗೆ ಅದು ನಿಜವಾಗಿ ಎಟುಕಿದ್ದು ಸ್ವಾತಂತ್ರ್ಯದ ನಂತರ. ಕೇಂದ್ರ ಸರ್ಕಾರಿ ನೌಕರರಿಗೆ 1956ರಲ್ಲಿ ರಜೆ ಪ್ರಯಾಣ ರಿಯಾಯಿತಿ ಬಂತು. 1971ರಲ್ಲಿ ರಾಜ್ಯದ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ ಹುಟ್ಟಿತು. ಅಲ್ಲಿಯವರೆಗೆ ಏಪ್ರಿಲ್, ಮೇ ರಜೆಯೆಂದರೆ ಅಜ್ಜಿ ಮನೆ, ಅದಕ್ಕೆ ಬೇಕಾದ ಯೋಜನೆ ಒಂದು ಅಂಚೆ ಕಾರ್ಡು ಮಾತ್ರ.

ಊಟ, ಹಾಸಿಗೆ, ಹಣ, ಜೊತೆ, ದಾರಿ ಇವೆಲ್ಲದರ ಭಾರವನ್ನು ಬೇರೆಯವರು ಹೊತ್ತುಕೊಂಡ ಮೇಲೆ ಪ್ರಯಾಣಿಕರ ಪಾಲಿಗೆ ಉಳಿದ ಚಿಂತೆ ಒಂದೇ: ಬೇಕಾದ ದಿನಕ್ಕೆ ಜಾಗ. ಕಾದಿರಿಸುವ ಕಿಟಕಿಯ ಮುಂದೆ ಬೆಳಗಿನ ಜಾವದಿಂದ ನಿಲ್ಲುವುದು ಸಿದ್ಧತೆಯ ಹೊಸ ಅಂಗವಾಯಿತು. 1980ರ ದಶಕದಲ್ಲಿ ಆ ಕಿಟಕಿಗೆ ಕಂಪ್ಯೂಟರ್ ಬಂತು, 1997ರಲ್ಲಿ ತತ್ಕಾಲ್, 2002ರಲ್ಲಿ ಅಂತರ್ಜಾಲದ ಟಿಕೆಟ್. ಸರದಿ ಕಣ್ಮರೆಯಾಯಿತು, ಧಾವಂತ ಮಾತ್ರ ಬೆಳಗಿನ ಎಂಟು ಗಂಟೆಯ ಮೊದಲ ಕೆಲವು ನಿಮಿಷಗಳಿಗೆ ಕುಗ್ಗಿ ಇನ್ನಷ್ಟು ಮೊನಚಾಯಿತು. 2022ರ ನವೆಂಬರಿನಲ್ಲಿ ಬೆಂಗಳೂರಿನಿಂದ ಹೊರಟ ಕಾಶಿ ದರ್ಶನದ ವಿಶೇಷ ರೈಲು ಅದನ್ನೂ ತೆಗೆದುಹಾಕಿತು. ಎಂಟು ದಿನದ ಊಟ, ವಸತಿ, ಸುತ್ತಾಟವೆಲ್ಲ ಒಂದೇ ಟಿಕೆಟ್ಟಿನಲ್ಲಿ, ರಾಜ್ಯದ ಮುಜರಾಯಿ ಇಲಾಖೆಯಿಂದ ಆಗ ಪ್ರತಿ ಯಾತ್ರಿಕರಿಗೆ 5,000 ರೂಪಾಯಿ ಸಹಾಯಧನವಿತ್ತು. ಉಳಿದ ರೈಲುಗಳಲ್ಲಿ ಮುಂಗಡ ಕಾದಿರಿಸುವ ಅವಧಿ 120 ದಿನವಿದ್ದದ್ದು 2024ರ ನವೆಂಬರ್ 1ರಿಂದ 60 ದಿನಕ್ಕೆ ಇಳಿದಿದೆ.