ಸೂಟೆ, ಉಲ್ಕೆ, ಅಗ್ನಿಗೋಳ: ಒಂದು ಪದಚರಿತ್ರೆ

ಇಂಗ್ಲಿಷಿನ ‘ಫೈರ್‌ಬಾಲ್’ ಎಂಬ ಒಂದೇ ಪದ ಆಕಾಶದಿಂದ ಬೀಳುವ ಪ್ರಖರ ಉಲ್ಕೆಯನ್ನೂ ಚೆಂಡಿನಾಕಾರದ ಮಿಂಚನ್ನೂ ಅಣುಬಾಂಬಿನ ಸ್ಫೋಟದಿಂದ ಏಳುವ ಜ್ವಾಲಾಗೋಳವನ್ನೂ ಸೂಚಿಸುತ್ತದೆ. ನಮ್ಮ ಪತ್ರಿಕೆಗಳು ಇವೆಲ್ಲಕ್ಕೂ ‘ಬೆಂಕಿಚೆಂಡು’, ‘ಬೆಂಕಿಯುಂಡೆ’ ಎಂದು ಬರೆಯುವುದು ರೂಢಿ. ಆದರೆ ಗಡಿನಾಡಿನ ಭಾಷೆಗಳು ಈ ಬೆಂಕಿಗಳನ್ನು ಬೇರೆಬೇರೆಯಾಗಿಯೇ ಕಂಡಿವೆ.

ಸಂಸ್ಕೃತದ ‘ಉಲ್ಕಾ’ ಶಬ್ದಕ್ಕೆ ಆಕಾಶದ ಉರಿ, ಕೈಯಲ್ಲಿ ಹಿಡಿದ ಪಂಜು ಎಂಬ ಎರಡು ಅರ್ಥಗಳಿವೆ. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಇದನ್ನು ಧಿಷ್ಣ್ಯಾ, ಉಲ್ಕಾ, ಅಶನಿ, ವಿದ್ಯುತ್, ತಾರಾ ಎಂದು ಐದಾಗಿ ವಿಂಗಡಿಸಿದನು. ಅವನಿಗೆ ಇವು ಶಕುನಗಳು. ಆದರೂ ಸದ್ದು, ಆಕಾರ, ಬೀಳುವ ಬಗೆಗಳನ್ನು ಬೇರ್ಪಡಿಸಿ ಹೇಳುವ ಎಚ್ಚರ ಅಲ್ಲಿದೆ.

ಪಂಜಿನ ಅರ್ಥ ನಮ್ಮ ನೆಲದಲ್ಲಿ ದೇಶೀಯ ಪದಗಳಲ್ಲಿ ಉಳಿದಿದೆ. ಒಣಗಿದ ತೆಂಗಿನ ಗರಿಯನ್ನು ಕಟ್ಟಿ ಹೊತ್ತಿಸಿದ ದೀವಟಿಗೆಗೆ ಇಲ್ಲಿನ ಕನ್ನಡದಲ್ಲಿ ‘ಸೂಟೆ’, ತುಳುವಿನಲ್ಲಿ ‘ತೂಟೆ’, ಮಲಯಾಳದಲ್ಲಿ ‘ಚೂಟ್ಟ್’. ಮೂರೂ ‘ಸುಡು’ ಎಂಬ ಒಂದೇ ದ್ರಾವಿಡ ಮೂಲದವು. ನಾಯ್ಮಾರ್ಮೂಲೆಯಂತಹ, ಹಲವು ಭಾಷೆಗಳು ನೆರೆಹೊರೆಯಾಗಿರುವ ಊರುಗಳಲ್ಲಿ ಈ ಹೋಲಿಕೆಗೆ ನಿಘಂಟು ಬೇಕಾಗುವುದಿಲ್ಲ. ಕಟೀಲಿನ ಜಾತ್ರೆಯಲ್ಲಿ ಅತ್ತೂರು, ಕೊಡೆತ್ತೂರು ಗ್ರಾಮಗಳವರು ಉರಿವ ಗರಿಗಳನ್ನು ಪರಸ್ಪರ ಎಸೆದಾಡುವ ಅಗ್ನಿಕೇಳಿಗೆ ‘ತೂಟೆದಾರ’ ಎಂಬ ಹೆಸರಿರುವುದೂ ಇದರಿಂದಲೇ. ಇನ್ನು ರಾತ್ರಿಯಲ್ಲಿ ತಾನಾಗಿ ಚಲಿಸುವಂತೆ ಕಾಣುವ ಬೆಂಕಿ ‘ಕೊಳ್ಳಿದೆವ್ವ’. ಮನುಷ್ಯನ ಕೈ ಕಾಣದ ಬೆಂಕಿಗೆ ಭಯವೇ ಹೆಸರಿಟ್ಟಿದೆ.

ವಿಜ್ಞಾನದ ಅರ್ಥ ತಡವಾಗಿ ಬಂತು. 1803ರಲ್ಲಿ ಫ್ರಾನ್ಸಿನ ಲೇಗ್ಲ್ ಎಂಬಲ್ಲಿ ಬಿದ್ದ ಕಲ್ಲುಗಳನ್ನು ಬಿಯೋ ಪರಿಶೀಲಿಸಿದ ಮೇಲೆಯೇ ಯುರೋಪಿನ ವಿದ್ವಾಂಸರು ಆಕಾಶದಿಂದ ಕಲ್ಲು ಬೀಳುವುದನ್ನು ಸಾಮಾನ್ಯವಾಗಿ ಒಪ್ಪಿದರು. 1866ರಲ್ಲಿ ಉಡುಪಿಯ ಬಳಿ ಒಂದು ಉಲ್ಕಾಶಿಲೆ ಬಿತ್ತು. ‘ಉಡಿಪಿ’ ಎಂಬ ಹಳೆಯ ರೂಪದಲ್ಲಿ ಅದು ಜಗತ್ತಿನ ಉಲ್ಕಾಶಿಲೆಗಳ ಪಟ್ಟಿಯನ್ನು ಸೇರಿದೆ. ಆಗ ಕಾಸರಗೋಡು ಪ್ರದೇಶವೂ ಉಡುಪಿಯೂ ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಆದುದರಿಂದ ಆ ಕಲ್ಲು ನಮ್ಮ ಜಿಲ್ಲಾಚರಿತ್ರೆಯ ವಸ್ತುವೂ ಹೌದು. ಇಂದು ಖಗೋಳಜ್ಞರು ಗ್ರಹಗಳಿಗಿಂತ ಹೆಚ್ಚು ಹೊಳೆಯುವ ಉಲ್ಕೆಗೆ ಮಾತ್ರ ‘ಫೈರ್‌ಬಾಲ್’ ಎನ್ನುತ್ತಾರೆ.

1945ರ ಜುಲೈ 16ರಂದು ನ್ಯೂ ಮೆಕ್ಸಿಕೋದ ಮರುಭೂಮಿಯಲ್ಲಿ ನಡೆದ ಮೊದಲ ಅಣುಸ್ಫೋಟದಿಂದ ಈ ಪದಕ್ಕೆ ಇನ್ನೊಂದು ಅರ್ಥ ಅಂಟಿಕೊಂಡಿತು. ಇದು ಮನುಷ್ಯನೇ ಹೊತ್ತಿಸಿದ, ಆದರೆ ಅವನ ಕೈಯಳತೆಯನ್ನು ಮೀರಿದ ಬೆಂಕಿ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಬಳಿಕ ಇಲ್ಲಿನ ಕನ್ನಡಕ್ಕೆ ತನ್ನ ಪದಗಳನ್ನು ತಾನೇ ಕಾಯ್ದುಕೊಳ್ಳುವ ಹೊಣೆ ಬಿದ್ದಿದೆ. ವಿದ್ಯುದ್ದೀಪ ಬಂದು ಸೂಟೆ ಕೈಬಿಟ್ಟಿತು. ಪದವೂ ಹೋದರೆ ಮೂರು ಭಾಷೆಗಳ ನಂಟಿನ ಒಂದು ಸಾಕ್ಷ್ಯ ಅಳಿಯುತ್ತದೆ. ಪಾಠಪುಸ್ತಕ ಬರೆಯುವವರು ಉಲ್ಕೆಗೆ ಉಲ್ಕೆಯೆಂದೂ ಬಾಂಬಿನ ಉರಿಗೆ ಅಗ್ನಿಗೋಳವೆಂದೂ ಪಂಜಿಗೆ ಸೂಟೆಯೆಂದೂ ಬರೆದರೆ, ವಿಜ್ಞಾನಕ್ಕೆ ನಿಖರತೆಯೂ ನಾಡನುಡಿಗೆ ಆಯುಷ್ಯವೂ ಒಟ್ಟಿಗೆ ದೊರೆಯುತ್ತವೆ.