ಏಷ್ಯಾಡಿನ ಕೂಲಿ ಲೆಕ್ಕ

1982ರ ದೆಹಲಿ ಏಷ್ಯಾಡ್ ಎಂದೊಡನೆ ನಮಗೆ ನೆನಪಾಗುವುದು ಅಪ್ಪು ಎಂಬ ಆನೆಮರಿ, ಪಿ.ಟಿ. ಉಷಾ ಅವರ ಓಟ, ಆ ವರ್ಷವೇ ಬಂದ ಬಣ್ಣದ ಟಿ.ವಿ. ಆ ಕೂಟಕ್ಕೆ 33 ದೇಶಗಳು ಬಂದಿದ್ದವು, ಭಾರತ 57 ಪದಕ ಗೆದ್ದಿತು. ಈ ಅಂಕಿಗಳು ದಾಖಲೆಯಲ್ಲಿ ಭದ್ರವಾಗಿವೆ. ನಾವು ಮರೆತ ಅಂಕಿ ಇನ್ನೊಂದಿದೆ. ಅದು ಬರೀ ಒಂದು ರೂಪಾಯಿ.

ಕ್ರೀಡಾಂಗಣ, ಮೇಲ್ಸೇತುವೆಗಳನ್ನು ಕಟ್ಟಲು ರಾಜಸ್ಥಾನ, ಉತ್ತರ ಪ್ರದೇಶ, ಒಡಿಶಾಗಳಿಂದ ಕೂಲಿಕಾರರನ್ನು ಕರೆತಂದವರು ಜಮಾದಾರರು. ಕನಿಷ್ಠ ಕೂಲಿ ದಿನಕ್ಕೆ 9 ರೂಪಾಯಿ 25 ಪೈಸೆ. ಗುತ್ತಿಗೆದಾರ ಅದನ್ನು ಜಮಾದಾರನ ಕೈಗೆ ಕೊಡುತ್ತಿದ್ದ. ಜಮಾದಾರ ತಲೆಗೆ ಒಂದು ರೂಪಾಯಿ ಮುರಿದುಕೊಂಡು ಉಳಿದದ್ದನ್ನು ಹಂಚುತ್ತಿದ್ದ. ಹೆಂಗಸರಿಗೆ ಸಿಗುತ್ತಿದ್ದುದು ಏಳೇ ರೂಪಾಯಿ ಎಂಬ ದೂರೂ ಇತ್ತು.

ಪೀಪಲ್ಸ್ ಯೂನಿಯನ್ ಫಾರ್ ಡೆಮಾಕ್ರಟಿಕ್ ರೈಟ್ಸ್ ಎಂಬ ಸಂಘಟನೆ ಮೂವರು ಸಮಾಜ ವಿಜ್ಞಾನಿಗಳಿಂದ ತನಿಖೆ ಮಾಡಿಸಿ, ಆ ವರದಿಯೊಂದಿಗೆ ನ್ಯಾಯಮೂರ್ತಿ ಪಿ.ಎನ್. ಭಗವತಿಯವರಿಗೆ ಪತ್ರ ಬರೆಯಿತು. ಸುಪ್ರೀಂ ಕೋರ್ಟು ಪತ್ರವನ್ನೇ ಅರ್ಜಿಯೆಂದು ಸ್ವೀಕರಿಸಿತು. ಕೂಟಕ್ಕೆ ಎರಡು ತಿಂಗಳಿರುವಾಗ, ಸೆಪ್ಟೆಂಬರ್ 18ರಂದು, ಭಗವತಿ ಮತ್ತು ಬಹರುಲ್ ಇಸ್ಲಾಂ ಅವರ ಪೀಠ ತೀರ್ಪು ನೀಡಿತು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿದರೆ ಅದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ. ಬಲವಂತಕ್ಕೆ ಚಾಟಿಯೇ ಬೇಕೆಂದಿಲ್ಲ, ಹಸಿವೂ ಬಡತನವೂ ಸಾಕು ಎಂಬುದು ಆ ತೀರ್ಪಿನ ಸಾರ.

ದೊಡ್ಡ ಕ್ರೀಡಾಕೂಟಗಳ ಲಾಭವನ್ನು ಅಳೆಯುವವರು ಇಂದಿಗೂ ತಲೆ ಎಣಿಸುತ್ತಾರೆ. ಮೂರು ತಿಂಗಳು ಇಟ್ಟಿಗೆ ಹೊತ್ತದ್ದೂ ಒಂದು ಉದ್ಯೋಗ, ಮೂವತ್ತು ವರ್ಷದ ನೌಕರಿಯೂ ಒಂದು ಉದ್ಯೋಗ! ಬೇರೆಡೆಯ ಕೆಲಸ ಬಿಟ್ಟು ಬಂದವನೂ ಹೊಸ ಉದ್ಯೋಗದ ಲೆಕ್ಕಕ್ಕೇ ಸೇರುತ್ತಾನೆ. ಅದೇ ಹಣದಲ್ಲಿ ಶಾಲೆ, ಆಸ್ಪತ್ರೆ ಕಟ್ಟಿದ್ದರೂ ಆಳುಗಳು ಬೇಕಾಗುತ್ತಿದ್ದರಲ್ಲವೇ? ಈ ಕಳೆಯುವ ಲೆಕ್ಕವನ್ನು ಯಾರೂ ಮುಂದಿಡುವುದಿಲ್ಲ. ಏಷ್ಯಾಡಿನ ಕೂಲಿಯೂ ಹಾಗೆಯೇ. ಗುತ್ತಿಗೆದಾರನ ಪುಸ್ತಕದಲ್ಲಿ 9 ರೂಪಾಯಿ 25 ಪೈಸೆ ಖರ್ಚಾಗಿತ್ತು. ಕೂಲಿಕಾರನ ಅಂಗೈಗೆ ಬಂದದ್ದು 8 ರೂಪಾಯಿ 25 ಪೈಸೆ. ಅರ್ಥಶಾಸ್ತ್ರದ ಕೋಷ್ಟಕಕ್ಕೆ ಮೊದಲನೆಯದು ಕಾಣುತ್ತದೆ, ಎರಡನೆಯದನ್ನು ಕಾಣಲು ಕೂಲಿಕಾರನ ಜೋಪಡಿಗೇ ಹೋಗಬೇಕು. ಆ ಮೂವರು ಹೋದರು, ಆದ್ದರಿಂದ ದೇಶಕ್ಕೊಂದು ತೀರ್ಪು ಸಿಕ್ಕಿತು.

ತೀರ್ಪು ಬಂದ ಮಾತ್ರಕ್ಕೆ ರೋಗ ವಾಸಿಯಾಗಲಿಲ್ಲ. 28 ವರ್ಷಗಳ ನಂತರ, 2010ರ ಕಾಮನ್‌ವೆಲ್ತ್ ಕೂಟಕ್ಕೆ ದೆಹಲಿ ಸಿಂಗಾರಗೊಳ್ಳುವಾಗ, ಅದೇ ಸಂಘಟನೆ ಕಟ್ಟಡ ಕಾರ್ಮಿಕರ ದೂರು ಹೊತ್ತು ದೆಹಲಿ ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು.

ಈಗ 2030ರ ಕಾಮನ್‌ವೆಲ್ತ್ ಕೂಟ ಅಹಮದಾಬಾದಿನ ಪಾಲಿಗೆ ಬಂದಿದೆ. ಇಷ್ಟು ಉದ್ಯೋಗ ಎಂದು ಹೇಳುವವರಿಗೆ ನಾವು ಕೇಳಬೇಕಾದ ಪ್ರಶ್ನೆಗಳು ಮೂರು: ಎಷ್ಟು ದಿನದ ಕೆಲಸ? ಎಷ್ಟು ಕೂಲಿ? ಅದು ಯಾರ ಕೈಯಿಂದ ಯಾರ ಕೈಗೆ?