ಬ್ರೂವೋ, ನೆಸ್ಕೆಫೆಯೋ?

ಪುಣೆ ಚಹಾದ ಊರು. ಅಲ್ಲಿ ಫಿಲ್ಟರ್ ಕಾಫಿಗೆ ಜಾಗ ಮಾಡಿಕೊಟ್ಟವರಲ್ಲಿ ಕರಾವಳಿಯಿಂದ ಹೋದ ಹೋಟೆಲಿನವರೂ ಸೇರುತ್ತಾರೆ. ಫರ್ಗ್ಯುಸನ್ ಕಾಲೇಜು ರಸ್ತೆಯ ‘ವೈಶಾಲಿ’ಯ ಜಗನ್ನಾಥ ಶೆಟ್ಟರು ಅಂಥವರಲ್ಲೊಬ್ಬರು. ಆದರೆ ಅಲ್ಲಿನ ಕನ್ನಡ ಮನೆಗಳಲ್ಲಿ ಅವಸರದ ಬೆಳಗಿಗೆ ಇನ್‌ಸ್ಟಂಟ್ ಪುಡಿಯೇ ಗತಿ. ಬ್ರೂವೋ, ನೆಸ್ಕೆಫೆಯೋ ಎಂಬ ತಕರಾರೂ ಅದರ ಜೊತೆಗೇ.

ಬ್ರೆಜಿಲ್‌ನಲ್ಲಿ ಮಾರಾಟವಾಗದೆ ಉಳಿದ ಕಾಫಿಗೆ ದಾರಿ ಹುಡುಕುತ್ತ ನೆಸ್ಲೆಯ ಮ್ಯಾಕ್ಸ್ ಮೋರ್ಗೆಂಥಾಲರ್ ಈ ಪುಡಿಯನ್ನು ರೂಪಿಸಿದರು. 1938ರಲ್ಲಿ ಅದು ಸ್ವಿಟ್ಜರ್ಲೆಂಡಿನ ಅಂಗಡಿಗೆ ಬಂತು. ಚಿಕೋರಿಯ ಕಥೆ ಇನ್ನೂ ಹಳೆಯದು. 1806ರಲ್ಲಿ ನೆಪೋಲಿಯನ್ ಬ್ರಿಟಿಷ್ ವ್ಯಾಪಾರಕ್ಕೆ ತಡೆ ಹಾಕಿದ ಮೇಲೆ, ಕಾಫಿ ಸಿಗದ ಯುರೋಪಿನಲ್ಲಿ ಈ ಬೇರನ್ನು ಹುರಿದು ಕುಡಿಯುವ ರೂಢಿ ಬಲವಾಯಿತು. ಅಲ್ಲಿ ಇಲ್ಲದ ಕಾಲಕ್ಕೆ ಒದಗಿದ್ದು ನಮ್ಮಲ್ಲಿ ರುಚಿಯೇ ಆಗಿಹೋಯಿತು.

ಬ್ರೂ, ಸನ್‌ರೈಸ್‌ಗಳಲ್ಲಿ ಚಿಕೋರಿಯಿದೆ. ನೆಸ್ಕೆಫೆ ಕ್ಲಾಸಿಕ್‌ನಲ್ಲಿ ಬರೀ ಕಾಫಿ. ಚಿಕೋರಿಯಲ್ಲಿ ಕೆಫೀನ್ ಇಲ್ಲ. ಆದರೆ ಬಣ್ಣ, ಕಹಿ, ದಪ್ಪ ಎಲ್ಲವನ್ನೂ ಕೊಡುತ್ತದೆ, ಹಾಲಿನ ಮುಂದೆ ಸೋಲುವುದಿಲ್ಲ. ಊರಿನ ಚಿಕೋರಿ ಬೆರೆತ ಡಿಕಾಕ್ಷನ್ನಿಗೆ ಒಗ್ಗಿದ ನಾಲಿಗೆಗೆ ಅಚ್ಚ ಕಾಫಿ ತೆಳುವೆನಿಸುವುದು ಇದಕ್ಕೇ (ಪಾಪ, ದೂರು ಮಾತ್ರ ಪುಣೆಯ ಹಾಲಿನ ಮೇಲೆ). ನಾಲಿಗೆ ಮೆಚ್ಚಿದ್ದನ್ನು ತಪ್ಪೆನ್ನಲಾಗದು. ದುಡ್ಡಿನ ಲೆಕ್ಕ ಬೇರೆ: ಮಿಶ್ರಣದಲ್ಲಿ ಕಾಫಿ ಶೇ 51ಕ್ಕಿಂತ ಕಡಿಮೆಯಾಗಕೂಡದು, ಪ್ರಮಾಣವನ್ನು ಪೊಟ್ಟಣದ ಮೇಲೆ ಬರೆಯಬೇಕು ಎಂಬುದು ನಿಯಮ. ಅಂದರೆ ಕಾಫಿ ಎಂದು ಕೊಂಡದ್ದರಲ್ಲಿ ಅರ್ಧದಷ್ಟು ಬೇರೇ ಇರಬಹುದು.